ಎಂಟು ಟೈರಿನ ಲೆಕ್ಕ

ಮಣ್ಣು ಅಗೆಯುವ ಹಿಟಾಚಿಗೆ ಸ್ವಂತ ಕಾಲಿದೆ, ಆದರೆ ಟಾರ್ ರಸ್ತೆಯಲ್ಲಿ ನಡೆಯುವ ಹಾಗಿಲ್ಲ. ಉಕ್ಕಿನ ಚೈನು ನಿಂತಲ್ಲೇ ಒಂದು ಸಲ ತಿರುಗಿದರೂ ಸಾಕು, ಟಾರು ಕಿತ್ತು ಜಲ್ಲಿ ಮೇಲೆ ಬರುತ್ತದೆ. ಗಂಟೆಗೆ ನಾಲ್ಕೈದು ಕಿಲೋಮೀಟರ್ ಮೀರಿ ಓಡುವ ಯಂತ್ರವೂ ಅದಲ್ಲ. ಹಾಗಾಗಿ ಒಂದು ಊರಿನ ಕೆರೆಯಿಂದ ಇನ್ನೊಂದು ಊರಿನ ಹೊಲಕ್ಕೆ ಹೋಗಬೇಕಾದರೆ ಅದು ಯಾರ ಬೆನ್ನನ್ನಾದರೂ ಏರಲೇಬೇಕು. ಆ ಬೆನ್ನು ಯಾರದು, ಎಷ್ಟು ಗಟ್ಟಿ ಅನ್ನುವ ವಿಚಾರ ಹಿಟಾಚಿ ಬಾಡಿಗೆಗೆ ತರಿಸುವ ನಮಗೆ ಹೊಳೆಯುವುದೇ ಇಲ್ಲ. ಗಂಟೆಗೆಷ್ಟು, ಡೀಸೆಲ್ ಯಾರದು, ಆಪರೇಟರ್ ಊಟ ಯಾರದು ಎಂದು ಮಾತಾಡಿ ಮುಗಿಸುತ್ತೇವೆ.

ನಮ್ಮ ಕಡೆ ಈ ಓಡಾಟ ಜೋರಾಗುವುದು ಭತ್ತದ ಕೊಯ್ಲು ಮುಗಿದ ಮೇಲೆ. ಮೊದಲು ತಮಿಳುನಾಡಿನಿಂದ ಕಟಾವು ಯಂತ್ರಗಳು ಲಾರಿ ಮೇಲೆ ಬರುತ್ತವೆ. ಅವು ಹಗುರ, ರಬ್ಬರ್ ಚೈನಿನವು. ಗದ್ದೆ ಬರಿದಾಗಿ ನೆಲ ಒಣಗಿತೋ, ದೊಡ್ಡವುಗಳ ಸರದಿ. ಒಬ್ಬರಿಗೆ ದಿಣ್ಣೆ ಸಮ ಮಾಡಿಸಬೇಕು, ಇನ್ನೊಬ್ಬರಿಗೆ ಬದು ಹಾಕಿಸಬೇಕು, ಪಂಚಾಯಿತಿಗೆ ಕೆರೆ ಹೂಳು ತೆಗೆಸಬೇಕು. ನಂಜನಗೂಡು ಪಟ್ಟಣ ಬೆಳೆದು ಬೆಳೆದು ಕಳಲೆ ಊರಿನ ಹತ್ತಿರಕ್ಕೇ ಬರುತ್ತಿದೆ. ಲೇಔಟಿನ ಕೆಲಸಕ್ಕಂತೂ ಸುಗ್ಗಿ ಕಾಲ ಎಂಬುದೇ ಇಲ್ಲ. ತಾಂಡವಪುರ, ಕಡಕೊಳದ ಕಾರ್ಖಾನೆಗಳ ಕಡೆಗೆ, ಮೈಸೂರಿಗೆ, ಗುಂಡ್ಲುಪೇಟೆಗೆ, ತಿ. ನರಸೀಪುರಕ್ಕೆ ಹೀಗೆ ಎಲ್ಲ ದಿಕ್ಕಿಗೂ ಯಂತ್ರ ಹೊತ್ತ ಲಾರಿಗಳು ಹೋಗುತ್ತಲೇ ಇರುತ್ತವೆ. ಕೇರಳಕ್ಕೆ ಹೊರಟವು ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟಲಾಗದಿದ್ದರೆ ಬೆಳಗಿನ ಆರರವರೆಗೆ ಗುಂಡ್ಲುಪೇಟೆಯ ಆಚೆ ಕಾಯುತ್ತವೆ. ರಾತ್ರಿ ಕಾಯುವ ಲಾರಿಗಳ ಸಾಲಿನಲ್ಲಿ ಒಮ್ಮೆ ಟಾರ್ಚ್ ಹಿಡಿದು ನಡೆದು ನೋಡಬೇಕು. ಈ ನಾಡಿನ ಟೈರುಗಳ ಆರೋಗ್ಯ ಅಷ್ಟರಲ್ಲೇ ಗೊತ್ತಾಗುತ್ತದೆ.

ಕಳಲೆಯ ಅಂಚಿನಲ್ಲಿ ಒಂದು ಹಿಟಾಚಿ ಇಳಿಸುವುದನ್ನು ನಿಂತು ನೋಡಿದೆ. ಟಾರಸ್ ಲಾರಿ, ಹತ್ತು ಚಕ್ರದ್ದು. ಬಾಡಿ ಬಿಚ್ಚಿ ಉಕ್ಕಿನ ಹಲಗೆ ಹೊದೆಸಿ, ಹಿಂದುಗಡೆ ಇಳಿಜಾರು ಪಟ್ಟಿ ಬೆಸೆದು ಯಂತ್ರ ಸಾಗಿಸಲೆಂದೇ ಮಾಡಿಸಿಕೊಂಡದ್ದು. ಕ್ಲೀನರ್ ಹುಡುಗ ಚೈನ್ ಬಿಚ್ಚಿದ, ಚಕ್ರಕ್ಕೆ ಕಲ್ಲು ಕೊಟ್ಟ, ಆಮೇಲೆ ಕ್ಯಾಬಿನ್ ಹಿಂದಿನಿಂದ ನಾಲ್ಕು ಹಳೇ ಟೈರು ಉರುಳಿಸಿಕೊಂಡು ಬಂದು ರಸ್ತೆಯ ಮೇಲೆ ಸಾಲಾಗಿ ಮಲಗಿಸಿದ. ಹಿಟಾಚಿ ಅವುಗಳ ಮೇಲೆ ಹೆಜ್ಜೆಯಿಟ್ಟು ದಾಟಿದರೆ ರಸ್ತೆಗೆ ಗಾಯವಾಗುವುದಿಲ್ಲ. ಆಪರೇಟರ್ ಬಕೆಟ್ಟನ್ನು ನೆಲಕ್ಕೆ ಊರಿ, ಅದರ ಮೇಲೆ ಭಾರ ಹಾಕಿ, ಮೆಲ್ಲಗೆ ಜಾರಿ ಇಳಿದ. ಇಳಿದ ಕ್ಷಣ ನಾನು ನೋಡುತ್ತಿದ್ದುದು ಯಂತ್ರವನ್ನಲ್ಲ, ಲಾರಿಯ ಹಿಂದಿನ ಟೈರುಗಳನ್ನು. ಅಲ್ಲಿಯವರೆಗೆ ಜೋಡಿ ಟೈರುಗಳ ಹೊಟ್ಟೆಗಳು ಉಬ್ಬಿ ಒಂದಕ್ಕೊಂದು ತಾಗಿಕೊಂಡಿದ್ದವು. ಭಾರ ಇಳಿಯುತ್ತಲೇ ಸ್ಪ್ರಿಂಗ್ ಪಟ್ಟಾಗಳು ಕಿರ್ರೆಂದು ಮೇಲೆದ್ದವು, ಜೋಡಿಯ ನಡುವೆ ನಾಲ್ಕು ಬೆರಳು ಹೋಗುವಷ್ಟು ಸಂದು ಬಿಟ್ಟಿತು. ತಾಗಿಕೊಂಡಿದ್ದ ಜಾಗದಲ್ಲಿ ರಬ್ಬರ್ ಹೊಳಪು ಹತ್ತಿ ನುಣ್ಣಗಾಗಿತ್ತು. ಕೈ ಇಟ್ಟೆ, ಸುಡುತ್ತಿತ್ತು.

ಡ್ರೈವರ್ ಬಳಿ ಮಾತಿಗೆ ನಿಂತೆ. ಎಷ್ಟು ತೂಕ ಅಣ್ಣ ಈ ಯಂತ್ರ ಎಂದು ಕೇಳಿದ್ದಕ್ಕೆ, "ಇಪ್ಪತ್ ಚಿಲ್ರೆ ಟನ್ ಬತ್ತದೆ ಸಾ, ಲಾರಿ ಎಳೀತದೆ, ಏನೂ ತೊಂದ್ರೆ ಇಲ್ಲ" ಅಂದ. ಎಳೆಯುತ್ತದೆ ಅನ್ನುವುದು ನಿಜ. ಇಂಜಿನ್‌ಗೆ ಶಕ್ತಿ ಇದೆ, ಇಳಿಜಾರಿನಲ್ಲಿ ಇಂಜಿನ್ನೇ ಬೇಡ. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ. ಹೊರುವವರ ಹೆಸರು ಯಾರೂ ಎತ್ತುವುದಿಲ್ಲ. ಅವರು ಕೆಳಗಿದ್ದಾರೆ, ಹತ್ತು ಜನ.

ಆ ಹತ್ತು ಜನರ ಮೈಮೇಲೆ ಅವರವರ ಶಕ್ತಿ ಎಷ್ಟೆಂದು ಬರೆದೇ ಇರುತ್ತದೆ. ಓದುವವರು ಬೇಕು ಅಷ್ಟೆ. ಲಾರಿ ಟೈರಿನ ಪಕ್ಕೆಯನ್ನು ಒಂದು ಬಟ್ಟೆಯಿಂದ ಒರೆಸಿದರೆ ಮೊದಲು ಅಳತೆ ಕಾಣುತ್ತದೆ: 10.00-20, ಅಥವಾ ರೇಡಿಯಲ್ ಆದರೆ ಅಡ್ಡಗೆರೆಯ ಜಾಗದಲ್ಲಿ ಆರ್ ಅಕ್ಷರ. ಪಕ್ಕದಲ್ಲಿ 16 ಪಿ.ಆರ್. ಎಂದೋ 18 ಪಿ.ಆರ್. ಎಂದೋ ಇರುತ್ತದೆ. ಟೈರಿನೊಳಗೆ ಹದಿನಾರು ಪದರ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಈಗ ಅದು ಬರೀ ಶಕ್ತಿಯ ದರ್ಜೆ, ಪದರಗಳ ಎಣಿಕೆಯಲ್ಲ. ಅದರ ಮುಂದೆ 146/143 ಕೆ ಎಂಬಂಥ ಒಂದು ಜೋಡಿ ಅಂಕಿ. ಇಲ್ಲೇ ಇರುವುದು ವಿಷಯ. 146 ಎಂದರೆ ಒಂಟಿಯಾಗಿ ಹಾಕಿದಾಗ ಆ ಟೈರು 3,000 ಕಿಲೋ ಹೊರಬಹುದು. 143 ಎಂದರೆ ಜೋಡಿಯಲ್ಲಿ ಹಾಕಿದಾಗ 2,725 ಕಿಲೋ. ಜೋಡಿಯಲ್ಲಿ ಯಾಕೆ ಕಡಿಮೆ? ರಸ್ತೆ ಎಂದೂ ಸಮತಟ್ಟಲ್ಲ. ನಡು ಎತ್ತರ, ಅಂಚು ತಗ್ಗು. ಎರಡು ಟೈರಿನ ಸವೆತವೂ ಒಂದೇ ಸಮ ಇರುವುದಿಲ್ಲ. ಹೀಗಾಗಿ ಒಂದು ಹೆಚ್ಚು ಹೊರುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಜೊತೆಗೆ ಒಳ ಟೈರಿಗೆ ಗಾಳಿಯಾಡುವುದಿಲ್ಲ, ಬ್ರೇಕಿನ ಬಿಸಿಯೂ ಅದಕ್ಕೇ ತಗಲುತ್ತದೆ. ಅದಕ್ಕಾಗಿ ಲೆಕ್ಕದಲ್ಲೇ ಒಂದಿಷ್ಟು ಕಡಿತ ಮಾಡಿಟ್ಟಿದ್ದಾರೆ. ಕೊನೆಯ ಕೆ ಅಕ್ಷರ ವೇಗದ್ದು: ಗಂಟೆಗೆ 110 ಕಿಲೋಮೀಟರ್. ಇನ್ನೂ ಸ್ವಲ್ಪ ಹುಡುಕಿದರೆ ಒಂದು ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಸಿಗುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಹುಟ್ಟಿದ ಟೈರು.

ಈಗ ಕಳಲೆಯ ಆ ಲಾರಿಯ ಲೆಕ್ಕ ಹಾಕೋಣ. ಉಕ್ಕಿನ ಹಲಗೆ ಹೊದೆಸಿದ ಟಾರಸ್ ಖಾಲಿಯಿದ್ದಾಗಲೇ ಹತ್ತು ಟನ್ನಿನ ಹತ್ತಿರ. ಹಿಟಾಚಿ 21 ಟನ್. ಬಂಡೆ ಒಡೆಯುವ ಬ್ರೇಕರ್, ಇನ್ನೊಂದು ಬಕೆಟ್, ಡೀಸೆಲ್ ಡ್ರಮ್ಮು ಸೇರಿ ಇನ್ನೆರಡು. ಒಟ್ಟು 33. ಮುಂದಿನ ಎರಡು ಚಕ್ರ ಆರೂವರೆ ಹೊತ್ತರೆ ಹಿಂದಿನ ಎಂಟರ ಮೇಲೆ ಕೂರುವುದು ಇಪ್ಪತ್ತಾರೂವರೆ ಟನ್. ಎಂಟರಿಂದ ಭಾಗಿಸಿ: ತಲೆಗೆ 3,300 ಕಿಲೋ ದಾಟಿತು. ಟೈರಿನ ಮೈಮೇಲೆ ಬರೆದದ್ದು 2,725. ಪ್ರತಿಯೊಂದು ಟೈರೂ ತನ್ನ ಶಕ್ತಿಗಿಂತ ಐದನೇ ಒಂದು ಭಾಗ ಹೆಚ್ಚು ಹೊತ್ತುಕೊಂಡು ಬಂದಿದೆ. ಇದರಲ್ಲಿ ಒಂದು ಸಿಡಿಯಿತೆನ್ನಿ. ಅದರ ಪಾಲೂ ಜೋಡಿಯ ಮೇಲೆ ಬೀಳುತ್ತದೆ. ಮೂರು ಟನ್ನಿನ ಟೈರಿನ ಮೇಲೆ ಆರೂವರೆ ಟನ್. ಅದೂ ಹೋಗುತ್ತದೆ. ಹೆದ್ದಾರಿಯಲ್ಲಿ ಎರಡು ಸಲ ಢಂ ಎಂದು ಕೇಳಿಸುವುದು ಈ ಕಾರಣಕ್ಕೆ. ಆಗ ಲಾರಿ ವಾಲುವ ಕಡೆಗೆ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯಾರೋ ಹೋಗುತ್ತಿರುತ್ತಾರೆ.

ಕಾನೂನು ಏನು ಹೇಳುತ್ತದೆ? 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿಯನ್ನು ಏರಿಸಿತು. ಹತ್ತು ಚಕ್ರದ ಲಾರಿಗೆ ಒಟ್ಟು 25 ಟನ್ ಇದ್ದದ್ದು 28.5 ಆಯಿತು. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಇದ್ದದ್ದು 11.5. ಎಂಟು ಟೈರಿನ ಜೋಡಿ ಆಕ್ಸಲ್‌ಗೆ 19 ಇದ್ದದ್ದು 21. ಟ್ರೇಲರಿನ ಹನ್ನೆರಡು ಟೈರಿನ ಮೂರು ಆಕ್ಸಲ್‌ಗೆ 24 ಇದ್ದದ್ದು 27. ಅತಿ ದೊಡ್ಡ ಟ್ರೇಲರಿಗೆ 49 ಇದ್ದದ್ದು 55. ಲಾರಿ ಮಾಲೀಕರು ಸಂತೋಷಪಟ್ಟರು. ಆದರೆ ಅದೇ ನಿಯಮದ ಒಳಗೆ ಇನ್ನೊಂದು ಮಾತಿದೆ. ಪಟ್ಟಿಯಲ್ಲಿ ಕೊಟ್ಟ ಮಿತಿ, ಲಾರಿ ತಯಾರಿಸಿದ ಕಂಪನಿ ಹೇಳಿದ ಮಿತಿ, ಹಾಕಿರುವ ಟೈರು ತಡೆಯುವ ಮಿತಿ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ಕೊನೆ. ಇದನ್ನು ಯಾರೂ ಓದಿ ಹೇಳಲಿಲ್ಲ. ನೋಡಿ: ಒಂದು ಆಕ್ಸಲ್‌ಗೆ 11.5 ಟನ್ ಎಂದು ಕಾಗದ ಹೇಳುತ್ತದೆ. 16 ಪಿ.ಆರ್. ಟೈರು ನಾಲ್ಕು ಸೇರಿದರೆ ಹೊರುವುದು 10.9 ಟನ್ ಮಾತ್ರ. ಕಾನೂನು ಕೊಟ್ಟ ಅಷ್ಟನ್ನೂ ಹೊರಬೇಕಾದರೆ ಟೈರು ಬದಲಾಯಿಸಬೇಕು. 149/146 ಎಂದಿರುವ 18 ಪಿ.ಆರ್. ಹಾಕಿದರೆ ಜೋಡಿಯಲ್ಲಿ ಒಂದೊಂದು 3,000 ಕಿಲೋ ತಡೆಯುತ್ತದೆ. ಹೊಸ ಮಿತಿ ಬಂದದ್ದು ಎಲ್ಲರಿಗೂ ಗೊತ್ತಾಯಿತು, ಹಳೇ ಟೈರಿಗೆ ಆ ಸುದ್ದಿ ತಲುಪಲಿಲ್ಲ.

ದಂಡದ ವಿಚಾರ ಬೇಗ ಮುಗಿಸುತ್ತೇನೆ. 2019ರ ತಿದ್ದುಪಡಿಯ ಮೇಲೆ ಹೆಚ್ಚು ಭಾರಕ್ಕೆ ಇಪ್ಪತ್ತು ಸಾವಿರ ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ಎರಡು ಸಾವಿರ, ಹೆಚ್ಚಿನ ಭಾರ ಇಳಿಸುವ ಖರ್ಚೂ ಅವರದೇ. ಕಳಲೆಯ ಲಾರಿ ಸಿಕ್ಕಿಬಿದ್ದಿದ್ದರೆ ಮೂವತ್ತು ಸಾವಿರದ ಹತ್ತಿರ ಕಟ್ಟಬೇಕಿತ್ತು. ಜಲ್ಲಿಯಾದರೆ ನಾಲ್ಕು ಟನ್ ರಸ್ತೆ ಬದಿಗೆ ಸುರಿಯಬಹುದು, ಹಿಟಾಚಿಯಿಂದ ನಾಲ್ಕು ಟನ್ ಇಳಿಸುವುದು ಹೇಗೆ? ಇಡೀ ಯಂತ್ರವನ್ನೇ ಇಳಿಸಿ, ಲೋಬೆಡ್ ಟ್ರೇಲರ್ ತರಿಸಿ, ಅದರ ಮೇಲೆ ಹತ್ತಿಸಬೇಕು. ಮೊದಲೇ ಅದನ್ನು ತರಿಸಿದ್ದರೆ ಆಗುತ್ತಿತ್ತು. ಎರಡು ಆಕ್ಸಲಿನ ಕುದುರೆಗೆ, ಅಂದರೆ ಎಳೆಯುವ ಮುಂದಿನ ಗಾಡಿಗೆ, ಮೂರು ಆಕ್ಸಲಿನ ಟ್ರೇಲರ್ ಕಟ್ಟಿದರೆ ಮಿತಿ 45 ಟನ್ನಿಗೂ ಹೆಚ್ಚು. ಕುದುರೆ, ಟ್ರೇಲರ್ ಎರಡರ ಸ್ವಂತ ತೂಕ ಇಪ್ಪತ್ತು ಎಂದಿಟ್ಟುಕೊಂಡರೂ ಹಿಟಾಚಿ, ಬ್ರೇಕರ್, ಬಕೆಟ್ ಎಲ್ಲ ಕೂತ ಮೇಲೂ ಜಾಗ ಮಿಗುತ್ತದೆ. ಹಲಗೆ ನೆಲಕ್ಕೆ ಹತ್ತಿರವಿರುವುದರಿಂದ ಬೂಮು ಕರೆಂಟ್ ತಂತಿಗೆ ತಾಗುವ ಭಯವೂ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಬೀದಿ ದಾಟುವ ತಂತಿಗಳು ಎಷ್ಟು ಜೋತುಬಿದ್ದಿರುತ್ತವೆ ಎಂದು ನಿಮಗೇ ಗೊತ್ತು. ಟಾರಸ್ ಮೇಲೆ ನಿಂತ ಹಿಟಾಚಿಯ ಮುಂದೆ ಉದ್ದ ಕೋಲು ಹಿಡಿದ ಹುಡುಗ ತಂತಿ ಎತ್ತುತ್ತಾ ಹೋಗುವುದನ್ನು ನೋಡಿದಾಗಲೆಲ್ಲ ನನ್ನ ಎದೆ ಬಡಿದುಕೊಳ್ಳುತ್ತದೆ. ಆ ಕೆಲಸ ಯಾವ ಹುಡುಗನೂ ಮಾಡಬಾರದು.

ಭಾರ ಹೊರುವ ಮಾತು ಬಂದರೆ ಕಳಲೆಯವರು ದಳವಾಯಿಗಳನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? ಮೈಸೂರು ಒಡೆಯರ ಸೇನೆಯ ಚುಕ್ಕಾಣಿ ಬಹುಕಾಲ ಕಳಲೆ ಮನೆತನದ ಕೈಲಿತ್ತು. ಆ ಮನೆತನದ ದಳವಾಯಿ ದೇವರಾಜಯ್ಯ 1735ರಲ್ಲಿ ನಂಜನಗೂಡಿನ ಬಳಿ ಕಬಿನಿಗೆ ಕಟ್ಟಿಸಿದ ಸೇತುವೆ ಇವತ್ತೂ ನಿಂತಿದೆ. ಕಟ್ಟಿದಾಗ ಅದರ ಮೇಲೆ ಹೋಗುತ್ತಿದ್ದದ್ದು ಎತ್ತಿನ ಗಾಡಿ, ಕುದುರೆ, ಹೆಚ್ಚೆಂದರೆ ಆನೆ, ಫಿರಂಗಿ. ನೂರೈವತ್ತು ವರ್ಷ ಕಳೆದ ಮೇಲೆ ಅದೇ ಕಲ್ಲುಕಂಬಗಳ ಮೇಲೆ ರೈಲು ಹಳಿ ಹಾಕಿದರು. ಒಂದು ಪಕ್ಕದಲ್ಲಿ ರೈಲು, ಇನ್ನೊಂದು ಪಕ್ಕದಲ್ಲಿ ಬಸ್ಸು ಲಾರಿ, ಎರಡನ್ನೂ ಹೊತ್ತುಕೊಂಡು ಬ್ರಾಡ್‌ಗೇಜ್ ಬರುವ ತನಕ ದುಡಿಯಿತು. ಹೇಗೆ ತಡೆಯಿತು ಅಂದರೆ, ಹೊಳೆಯ ಅಗಲಕ್ಕೆ ಐವತ್ತಕ್ಕೂ ಹೆಚ್ಚು ಕಂಬ ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಯಾವ ಕಂಬಕ್ಕೂ ಹೆಚ್ಚು ಭಾರ ಬೀಳದ ಹಾಗೆ ಹಂಚಿಕೆಯಾಗಿದೆ. ಅಂದಿನ ಗಾರೆಯವರಿಗೆ ಟನ್ನಿನ ಲೆಕ್ಕ ಗೊತ್ತಿರಲಿಲ್ಲ, ಹಂಚುವ ಲೆಕ್ಕ ಚೆನ್ನಾಗಿ ಗೊತ್ತಿತ್ತು. ನಂಜನಗೂಡಿಗೆ ಬರುವವರು ನಂಜುಂಡೇಶ್ವರನ ದರ್ಶನ ಮುಗಿಸಿ ಬಸ್ಸು ಹಿಡಿಯುತ್ತಾರೆ, ಈ ಸೇತುವೆಯ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಇದು ಬೇಸರದ ಸಂಗತಿ. ಅದರ ಕೆಳಗೆ ಹೋಗಿ ಒಂದು ಕಂಬಕ್ಕೆ ಕೈಯಿಟ್ಟು ನಿಲ್ಲಬೇಕು.

ಅಂದಿನ ಫಿರಂಗಿಗಳನ್ನು ಎಳೆದದ್ದು ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿ ಶುರುವಾದ ತಳಿ ಅದು; ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಇನ್ನೂ ಮುಂದೆ, ನಮ್ಮ ನೆರೆಯ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಿದಾಗ ಹಡಗಿನಲ್ಲಿ ಬಂದ ಭಾರೀ ಯಂತ್ರಗಳನ್ನು ಮದ್ದೂರು ರೈಲು ನಿಲ್ದಾಣದಿಂದ ಕಾವೇರಿ ದಡದವರೆಗೆ ಎತ್ತುಗಳೂ ಆನೆಗಳೂ ಎಳೆದು ತಂದವು. 1902ರ ಜೂನ್ 30ರಂದು ಅಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಯೋಜನೆ ಬಗ್ಗೆ ಬರೆದವರೆಲ್ಲ ತಂತಿಯ ಉದ್ದ, ವೋಲ್ಟೇಜು ಹೊಗಳುತ್ತಾರೆ. ನನ್ನ ಗೌರವ ಮದ್ದೂರಿನಿಂದ ಆ ಯಂತ್ರಗಳನ್ನು ಸಾಗಿಸಿದವರಿಗೆ ಸಲ್ಲಬೇಕು. ಮಣ್ಣಿನ ದಾರಿ, ಮರದ ಚಕ್ರ, ಕಬ್ಬಿಣದ ಪಟ್ಟಿ. ಒಂದು ಚಕ್ರ ಹೂತರೆ ದಿನವೇ ಹೋಯಿತು.

ಮರದ ಚಕ್ರ ಹೋಗಿ ಗಾಳಿ ತುಂಬಿದ ಟೈರು ಬಂದದ್ದೇ ಎಲ್ಲವನ್ನೂ ಬದಲಿಸಿದ್ದು. ಟೈರು ತಯಾರಿಕೆಯಲ್ಲಿ ಮೈಸೂರಿಗೆ ಒಳ್ಳೆಯ ಹೆಸರಿದೆ. ರಾಜ್ಯ ಸರ್ಕಾರ ಕೈಹಾಕಿ ಶುರು ಮಾಡಿದ ವಿಕ್ರಾಂತ್ ಟೈರ್ಸ್ ಅಲ್ಲಿಯದೇ, 1997ರಲ್ಲಿ ಜೆ.ಕೆ. ಟೈರ್ ತೆಗೆದುಕೊಂಡಿತು. ಮಣ್ಣು ಅಗೆಯುವ, ಹೊರುವ ದೈತ್ಯ ಯಂತ್ರಗಳನ್ನು ಮಾಡುವ ಬೆಮೆಲ್ ಕಾರ್ಖಾನೆಯೂ ಮೈಸೂರಿನಲ್ಲಿದೆ, ಧಾರವಾಡದಲ್ಲಿ ಟಾಟಾ ಹಿಟಾಚಿಯದಿದೆ. ಯಂತ್ರವನ್ನೂ ನಾವೇ ಮಾಡುತ್ತೇವೆ, ಟೈರನ್ನೂ ನಾವೇ ಮಾಡುತ್ತೇವೆ, ಎರಡನ್ನೂ ಕೂಡಿಸುವ ಲೆಕ್ಕದಲ್ಲಿ ಮಾತ್ರ ಎಡವುತ್ತೇವೆ.

ಆ ಲೆಕ್ಕ ಸರಿಯಾಗಿ ಮಾಡಿದರೆ ಏನಾಗುತ್ತದೆ, ತಪ್ಪಿದರೆ ಏನಾಗುತ್ತದೆ ಎರಡನ್ನೂ ತೋರಿಸಿದ ಪ್ರಯಾಣವೊಂದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಬೆಂಗಳೂರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆ ವಿಶ್ವರೂಪ ಮಹಾವಿಷ್ಣುವಿನ ವಿಗ್ರಹ. ತಮಿಳುನಾಡಿನ ವಂದವಾಸಿಯ ಬಳಿ ಒಂದೇ ಬಂಡೆಯಲ್ಲಿ ಅರೆಬರೆ ಕೆತ್ತಿದ್ದು, 64 ಅಡಿ ಉದ್ದ, 350 ಟನ್ನಿನ ಆಸುಪಾಸು. 240 ಟೈರಿನ ಟ್ರೇಲರಿನ ಮೇಲೆ 2018ರ ಕೊನೆಯಲ್ಲಿ ಹೊರಟದ್ದು ಬೆಂಗಳೂರು ಮುಟ್ಟಿದ್ದು 2019ರ ಜೂನ್‌ನಲ್ಲಿ. ಬಸ್ಸಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಗೆ ಬರುವ ದಾರಿ. ಮಣ್ಣು ಕುಸಿದು ನಿಂತಿತು, ಟೈರುಗಳು ಸಿಡಿದವು, ಇಕ್ಕಟ್ಟಿನ ಊರುಗಳಲ್ಲಿ ಮನೆ ಅಂಗಡಿಗಳ ಮುಂಭಾಗ ತೆಗೆಸಬೇಕಾಯಿತು. ಕೃಷ್ಣಗಿರಿ, ಹೊಸೂರಿನ ಕಡೆ ಹೊಳೆ ದಾಟಲು ಸೇತುವೆ ತಡೆಯುವುದಿಲ್ಲವೆಂದು ಪಕ್ಕದಲ್ಲೇ ತಾತ್ಕಾಲಿಕವಾಗಿ ಮಣ್ಣಿನ ದಾರಿ ಹಾಕಿದರು. ಜನ ತೆಂಗಿನಕಾಯಿ ಒಡೆದು ಕೈಮುಗಿದರು.

350ನ್ನು 240ರಿಂದ ಭಾಗಿಸಿ ನೋಡಿ. ವಿಗ್ರಹದ ಭಾರ ಟೈರಿಗೆ ಒಂದೂವರೆ ಟನ್ನೂ ಬರುವುದಿಲ್ಲ. ಟ್ರೇಲರಿನ ಸ್ವಂತ ಭಾರ ಸೇರಿಸಿದರೂ ನಮ್ಮ ಕಳಲೆಯ ಟಾರಸ್ಸಿನ ಟೈರು ಹೊತ್ತದ್ದರ ಮುಂದೆ ಅದು ಕಡಿಮೆಯೇ. ದೆಹಲಿಯ ಇಂಡಿಯಾ ಗೇಟಿನ ನೇತಾಜಿ ಪ್ರತಿಮೆಯನ್ನು ನೆನೆಸಿಕೊಳ್ಳಿ. ನಮ್ಮ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಕೆತ್ತಿದ್ದು, 2022ರ ಸೆಪ್ಟೆಂಬರ್ 8ರಂದು ಅನಾವರಣವಾದದ್ದು. ಅದಕ್ಕೆಂದು ತೆಲಂಗಾಣದ ಖಮ್ಮಂನಿಂದ 280 ಟನ್ನಿನ ಬಂಡೆ 140 ಚಕ್ರದ ವಾಹನದ ಮೇಲೆ 1,665 ಕಿಲೋಮೀಟರ್ ಹೋಯಿತು. ಚಕ್ರಕ್ಕೆ ಬಂಡೆಯ ಪಾಲು ಸರಿಯಾಗಿ ಎರಡು ಟನ್. ಇಂಥ ಟ್ರೇಲರುಗಳಲ್ಲಿ ಪಟ್ಟಾ ಇರುವುದಿಲ್ಲ. ಆಕ್ಸಲುಗಳನ್ನು ಎಣ್ಣೆಯ ಒತ್ತಡದ ಸಿಲಿಂಡರುಗಳು ಹಿಡಿದಿರುತ್ತವೆ, ಸಿಲಿಂಡರುಗಳನ್ನು ಒಂದಕ್ಕೊಂದು ಕೊಳವೆಯಿಂದ ಸೇರಿಸಿರುತ್ತಾರೆ. ಒಂದು ಚಕ್ರ ಹಳ್ಳಕ್ಕಿಳಿದರೆ ಎಣ್ಣೆ ಅತ್ತ ಹರಿದು ಅದನ್ನು ಕೆಳಗೆ ಒತ್ತುತ್ತದೆ, ಭಾರ ಎಲ್ಲದರ ಮೇಲೂ ಒಂದೇ ಸಮ ನಿಲ್ಲುತ್ತದೆ. ನಡೆಯುವುದೂ ಮನುಷ್ಯನ ನಡಿಗೆಯ ವೇಗದಲ್ಲಿ. ನಿಧಾನಕ್ಕೆ ಹೋದಷ್ಟೂ ಟೈರು ಹೆಚ್ಚು ತಡೆಯುತ್ತದೆ. ಹಾಗಿದ್ದೂ ಈಜಿಪುರದ ದಾರಿಯಲ್ಲಿ ಟೈರು ಸಿಡಿದವು ಅಂದರೆ, ಕೆಳಗಿನ ನೆಲ ಸರಿಯಿಲ್ಲದಿದ್ದರೆ ಹಂಚಿಕೆಯ ಲೆಕ್ಕವೂ ಕೆಲವೊಮ್ಮೆ ಕೈಕೊಡುತ್ತದೆ ಎಂದರ್ಥ. ನೂರಾರು ಟನ್ ಸಾಗಿಸುವಾಗ ಇಂಜಿನಿಯರುಗಳು, ಅನುಮತಿ, ಪೊಲೀಸರು, ಮುಂದೊಂದು ಹಿಂದೊಂದು ಜೀಪು ಎಲ್ಲ ಇರುತ್ತವೆ. ಇಪ್ಪತ್ತೊಂದು ಟನ್ ಸಾಗಿಸುವಾಗ ಒಬ್ಬ ಡ್ರೈವರ್, ಒಬ್ಬ ಹುಡುಗ, ಗಂಟೆಗೆ ಅರವತ್ತರ ವೇಗ.

ಟೈರಿನಲ್ಲಿ ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. ರಬ್ಬರೂ ಅದರೊಳಗಿನ ನೈಲಾನ್ ಅಥವಾ ಉಕ್ಕಿನ ಎಳೆಗಳೂ ಆ ಗಾಳಿಯನ್ನು ಹಿಡಿದಿಡುವ ಚೀಲ. ಮೈಮೇಲೆ ಬರೆದ ಕಿಲೋ ಲೆಕ್ಕ ಪೂರ್ತಿ ಗಾಳಿ ಇದ್ದಾಗ ಮಾತ್ರ ನಿಜ. ಗಾಳಿ ಐದನೇ ಒಂದು ಪಾಲು ಕಡಿಮೆಯಿದ್ದರೆ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆಗ ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಅತಿಯಾಗಿ ಬಾಗಿ ಏಳುತ್ತದೆ. ಕಬ್ಬಿಣದ ತಂತಿಯನ್ನು ಅತ್ತಿತ್ತ ಬಾಗಿಸುತ್ತಿದ್ದರೆ ಬಾಗಿದ ಜಾಗ ಬಿಸಿಯಾಗುವ ಹಾಗೆ ಇಲ್ಲಿಯೂ ಬಿಸಿ ಹುಟ್ಟುತ್ತದೆ. ರಬ್ಬರಿನ ಮೂಲಕ ಬಿಸಿ ಬೇಗ ಹೊರಹೋಗುವುದಿಲ್ಲ. ಒಳಗೊಳಗೇ ಬೆಂದು ಪದರ ಪದರ ಬಿಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುವ ಕರಿಯ ರಬ್ಬರ್ ಪಟ್ಟಿಗಳನ್ನು ನೀವು ನೋಡಿರುತ್ತೀರಿ. ರೀಬಟನ್ ಮಾಡಿದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ ಟೈರಿನದು ಎಂದು ಸುಮ್ಮನೆ ಬೈಯುತ್ತೇವೆ. ಚೆನ್ನಾಗಿ ರೀಬಟನ್ ಮಾಡಿದ ಟೈರು ತಪ್ಪಲ್ಲ, ಅದು ಲಾರಿಯವರ ಅನ್ನ ಉಳಿಸುವ ವಿದ್ಯೆ. ಭಾರವೂ ಹೆಚ್ಚಾಗಿ ಗಾಳಿಯೂ ಕಡಿಮೆಯಾದರೆ ಹೊಸದೂ ಹೀಗೇ ಸುಲಿಯುತ್ತದೆ.

ಗಾಳಿ ನೋಡಲು ಡ್ರೈವರುಗಳಿಗೆ ಒಂದು ಹಳೆಯ ಉಪಾಯವಿದೆ: ರಾಡು ತೆಗೆದುಕೊಂಡು ಒಂದೊಂದೇ ಟೈರಿಗೆ ಹೊಡೆದು ಶಬ್ದ ಕೇಳುವುದು. ತುಂಬಿದ್ದು ಠಣ್ ಎಂದು ರಾಡನ್ನು ಹಿಂದಕ್ಕೆ ಎಸೆಯುತ್ತದೆ, ಕಡಿಮೆಯಿದ್ದದ್ದು ದಬ್ ಎನ್ನುತ್ತದೆ. ಪಂಕ್ಚರ್ ಆಗಿ ಕೂತ ಒಳ ಟೈರನ್ನು ಹಿಡಿಯಲು ಈ ಕಿವಿ ಸಾಕು. ಆದರೆ ಒತ್ತಡ 115 ಪಿ.ಎಸ್.ಐ. ಇರಬೇಕಾದದ್ದು 90ಕ್ಕೆ ಇಳಿದಿದೆಯೋ ಇಲ್ಲವೋ ಎಂದು ಯಾವ ಕಿವಿಯೂ ಹೇಳಲಾರದು. ಅದಕ್ಕೆ ಗೇಜ್ ಬೇಕು, ಟೈರು ತಣ್ಣಗಿರುವ ಬೆಳಗಿನ ಹೊತ್ತು ಬೇಕು. ಬಿಸಿಯಾದ ಟೈರಿನಲ್ಲಿ ಒತ್ತಡ ಏರಿ ತೋರುತ್ತದೆ. ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆ. ಪಂಕ್ಚರ್ ಅಂಗಡಿಯಲ್ಲಿ ಗೇಜಿಗೆಂದು ಯಾರೂ ದುಡ್ಡು ಕೇಳುವುದಿಲ್ಲ. ಅದು ಕೇಳುವುದು ಹತ್ತು ನಿಮಿಷ ಅಷ್ಟೆ.

ಇನ್ನು ರಸ್ತೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ರಸ್ತೆಗಳನ್ನೇ ಪರೀಕ್ಷೆಗೆಂದು ಕಟ್ಟಿ, ಹಗಲು ರಾತ್ರಿ ಲಾರಿ ಓಡಿಸಿ ನೋಡಿದರು. ಸಿಕ್ಕ ಫಲ ಇಂದಿಗೂ ರಸ್ತೆ ಕಟ್ಟುವವರ ಮೂಲಸೂತ್ರ: ಆಕ್ಸಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡಲ್ಲ, ಸುಮಾರು ಹದಿನಾರು ಪಟ್ಟು. ನಾಲ್ಕನೇ ಘಾತದ ಲೆಕ್ಕ. ಕಳಲೆಯ ಲಾರಿಯ ಹಿಂದಿನ ಆಕ್ಸಲುಗಳ ಮೇಲೆ 21ರ ಬದಲು 26.5 ಟನ್ ಇದ್ದದ್ದಕ್ಕೆ ರಸ್ತೆ ತಿಂದ ಪೆಟ್ಟು ಎರಡೂವರೆ ಪಟ್ಟು. ಸರ್ಕಾರವೇ 10.2 ಇದ್ದದ್ದನ್ನು 11.5ಕ್ಕೆ ಏರಿಸಿತಲ್ಲ, ಅಷ್ಟು ತುಂಬಿದ ಪ್ರತಿ ಆಕ್ಸಲ್ ಮೊದಲಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸವೆತ ತರುತ್ತದೆ. ಹೆದ್ದಾರಿಯನ್ನು ಈ ಲೆಕ್ಕಕ್ಕೆ ದಪ್ಪ ಮಾಡಿ ಕಟ್ಟುತ್ತಾರೆ. ನಮ್ಮ ಹಳ್ಳಿಯ ರಸ್ತೆ, ನಾಲೆ ಏರಿ, ಗದ್ದೆ ನಡುವಿನ ಮೋರಿ ಇವಕ್ಕೆ ಯಾರು ಲೆಕ್ಕ ಹಾಕಿದ್ದಾರೆ? ಎತ್ತಿನ ಗಾಡಿ, ಟ್ರ್ಯಾಕ್ಟರ್ ನೆನಪಿನಲ್ಲಿಟ್ಟು ಹಾಕಿದ ಚಪ್ಪಡಿಯ ಮೇಲೆ ಮೂವತ್ತಮೂರು ಟನ್ ಹಾಯುತ್ತದೆ. ಚಪ್ಪಡಿ ಅಂದೇ ಮುರಿಯುವುದಿಲ್ಲ. ಬಿರುಕು ಬಿಟ್ಟು, ಮುಂದಿನ ಮಳೆಗಾಲದಲ್ಲಿ ಶಾಲೆಯ ವ್ಯಾನೋ ಕಬ್ಬಿನ ಟ್ರ್ಯಾಕ್ಟರೋ ಬಂದಾಗ ಕುಸಿಯುತ್ತದೆ. ಕಳಪೆ ಕಾಮಗಾರಿ ಎಂದು ನಾವು ಪ್ರತಿಭಟನೆ ಮಾಡುತ್ತೇವೆ. ಕಾಮಗಾರಿ ಕಳಪೆ ಇದ್ದೂ ಇರಬಹುದು. ಆದರೆ ಆ ಮೋರಿಯ ಮೇಲೆ ಆ ಲಾರಿಯನ್ನು ಕರೆಸಿದವರು ನಾವು.

ಡ್ರೈವರುಗಳ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಕಳಲೆಯಲ್ಲಿ ಮಾತಾಡಿದವನಿಗೆ ಟೈರಿನ ಅಂಕಿ ತೋರಿಸಿ ಲೆಕ್ಕ ಹೇಳಿದಾಗ ಅವನು ಸಿಡುಕಲಿಲ್ಲ. "ಲೋಬೆಡ್ ತನ್ನಿ ಅಂದ್ರೆ ಬಾಡಿಗೆ ಜಾಸ್ತಿ ಅಂತಾರೆ ಸಾ, ಬ್ಯಾಡ ಅಂದ್ರೆ ಇನ್ನೊಬ್ಬ ತತ್ತಾನೆ. ನಾವೇನ್ ಮಾಡವಾ" ಅಂದ. ನ್ಯಾಯವಾದ ಮಾತು. ಸಿಡಿಯುವ ಟೈರಿನ ಹತ್ತಿರ ಕೂತಿರುವವನು ಅವನು, ಜಾಕ್ ಕೊಟ್ಟು ಕೆಳಗೆ ನುಸುಳುವವನು ಆ ಹುಡುಗ. ಬಾಡಿಗೆ ಉಳಿಸುವವರು ಬೇರೆ ಎಲ್ಲೋ ಇರುತ್ತಾರೆ.

ಹಾಗಾಗಿ ಕೇಳಬೇಕಾದವರು ನಾವು, ಯಂತ್ರ ತರಿಸುವವರು. ಹಿಟಾಚಿಗೆ ಮುಂಗಡ ಕೊಡುವ ಮೊದಲು ಮೂರು ಮಾತು ಕೇಳಿ: ಯಂತ್ರದ ತೂಕ ಎಷ್ಟು, ಯಾವ ಗಾಡಿಯಲ್ಲಿ ತರುತ್ತೀರಿ, ಅದಕ್ಕೆ ಎಷ್ಟು ಟೈರು. ಇಪ್ಪತ್ತು ಟನ್ನಿನ ಯಂತ್ರ ಹತ್ತು ಚಕ್ರದ ಲಾರಿಯಲ್ಲಿ ಬರುತ್ತದೆ ಎಂದರೆ ಬೇಡ ಅನ್ನಿ. ಸಣ್ಣ ಕೆಲಸವಾದರೆ ಎಂಟು ಟನ್ನಿನ ಜೆಸಿಬಿ ತನ್ನ ಟೈರಿನ ಮೇಲೆ ತಾನೇ ಬಂದು ಮಾಡಿ ಹೋಗುತ್ತದೆ. ದೊಡ್ಡದೇ ಬೇಕೆಂದರೆ ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಒಂದೇ ಸಲಕ್ಕೆ ಲೋಬೆಡ್ ತರಿಸಿ, ಹೆಚ್ಚಿನ ಬಾಡಿಗೆಯನ್ನು ಹಂಚಿಕೊಳ್ಳಿ. ಬರುವ ದಾರಿಯಲ್ಲಿ ವೇಬ್ರಿಡ್ಜ್‌ಗೆ ಹತ್ತಿಸಿ ಚೀಟಿ ತರಲು ಹೇಳಿ, ಆ ಚೀಟಿಯ ದುಡ್ಡು ನೀವೇ ಕೊಡಿ. ನಿಮ್ಮೂರ ಮೋರಿ ಎಷ್ಟು ತಡೆಯುತ್ತದೆ ಎಂದು ಪಂಚಾಯಿತಿಯಲ್ಲಿ ಕೇಳಿ, ಗೊತ್ತಿಲ್ಲ ಅಂದರೆ ಇಂಜಿನಿಯರಿಂದ ಲೆಕ್ಕ ಹಾಕಿಸಿ ಬೋರ್ಡ್ ಬರೆಸಿ ಎಂದು ಅರ್ಜಿ ಕೊಡಿ.